ಅಳೆಯಬಲ್ಲವರಿಗೇ ನೆಲೆ: ಮೈಕ್ರೋವೇವ್ ಸಂಶೋಧಕರಾಗಲು ಏಳು ಸೂತ್ರಗಳು

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಬಾದಾಮಿ, ಹುನಗುಂದ, ಇಳಕಲ್ಲಿನ ಮಕ್ಕಳು ಬಸ್ ಹಿಡಿದು ವಿದ್ಯಾಗಿರಿಗೆ ಬಂದು ಎಲೆಕ್ಟ್ರಾನಿಕ್ಸ್ ಓದುತ್ತಾರೆ. ಓದುವಾಗಲೇ ಹೆಚ್ಚಿನವರ ಕಣ್ಣು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮೇಲೆ. ಆಂಟೆನಾ, ರಾಡಾರ್, ವೇವ್‌ಗೈಡ್ ಎಂದರೆ ‘ಅದು ಬರೇ ಗಣಿತ ಐತ್ರಿ’ ಎಂದು ದೂರ ಸರಿಯುವವರೇ ಬಹಳ. ಹಾಗೆ ಸರಿಯದೆ, ಇದರಲ್ಲೇ ಪಿಎಚ್‌ಡಿ ಮಾಡಿ ಪ್ರಾಧ್ಯಾಪಕರಾಗಬೇಕು ಎನ್ನುವ ಕೆಲವರಿಗಾಗಿ ಈ ಸೂತ್ರಗಳು.

1. ಕ್ಲೈಸ್ಟ್ರಾನ್ ಬೆಂಚನ್ನು ಹಗುರವಾಗಿ ಕಾಣಬೇಡಿ. ಹಳೆಯ ಕಾಲದ ಉಪಕರಣ ನಿಜ. ಆದರೆ ತರಂಗವನ್ನು ಕೈಯಾರೆ ಅಳೆಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಮೊದಲು ಫ್ಯಾನ್ ಹಾಕಿ, ಆಮೇಲೆ ಬೀಮ್ ವೋಲ್ಟೇಜ್ ಏರಿಸಿ. ಸ್ಲಾಟೆಡ್ ಲೈನಿನ ಪ್ರೋಬನ್ನು ನಿಧಾನವಾಗಿ ಸರಿಸುತ್ತ ಮೀಟರಿನ ಮುಳ್ಳು ತಳಕ್ಕಿಳಿಯುವ ಎರಡು ಅಕ್ಕಪಕ್ಕದ ಜಾಗಗಳನ್ನು ಗುರುತು ಹಾಕಿಕೊಳ್ಳಿ. 2.286 ಸೆಂ.ಮೀ. ಅಗಲದ ವೇವ್‌ಗೈಡಿನಲ್ಲಿ 9 ಗಿಗಾಹರ್ಟ್ಸ್ ತರಂಗವಿದ್ದರೆ ಆ ಎರಡರ ನಡುವಿನ ಅಂತರ ಸುಮಾರು 2.4 ಸೆಂ.ಮೀ. ಬರಬೇಕು. ಬರಲಿಲ್ಲವೇ? ಫ್ಲ್ಯಾಂಜಿನ ಸ್ಕ್ರೂ ಸಡಿಲವಿದೆಯೇ, ಪ್ರೋಬ್ ತೀರ ಒಳಗಿಳಿದು ಕ್ಷೇತ್ರವನ್ನೇ ಕೆಡಿಸಿದೆಯೇ ನೋಡಿ. ಹಿಂದಿನ ವರ್ಷದವರ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡವರಿಗೆ ಮಾರ್ಕ್ಸ್ ಸಿಗುತ್ತದೆ. ಸಂಶೋಧನೆಯ ಬಾಗಿಲು ಮಾತ್ರ ಅವರಿಗೆ ಅಲ್ಲೇ ಮುಚ್ಚುತ್ತದೆ.

2. ರಾಜೇಶ್ವರಿ ಚಟರ್ಜಿಯವರು ನಡೆದ ದಾರಿಯನ್ನು ಗಮನಿಸಿ. 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು, ನೀವು ಹೆದರುವ ಅದೇ ಗಣಿತ. ಸಿ.ವಿ. ರಾಮನ್ ಬಳಿ ಸಂಶೋಧನೆಗೆ ಅವಕಾಶ ಕೇಳಿದರೆ, ಭೌತಶಾಸ್ತ್ರದ ಪದವಿ ಇಲ್ಲ ಎಂಬ ಕಾರಣಕ್ಕೆ ಸಿಗಲಿಲ್ಲ. ಅಲ್ಲಿಗೇ ಕೈಚೆಲ್ಲದೆ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿದರು. 1947ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ನಾವು ಗಮನಿಸಬೇಕಾದದ್ದು ನಂತರದ ಒಂದು ಸಣ್ಣ ಘಟ್ಟವನ್ನು: ಮಾಸ್ಟರ್ಸ್ ಮುಗಿದ ಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೋ ಆವರ್ತನಗಳನ್ನು ಅಳೆಯುವ ತರಬೇತಿ. ಪಿಎಚ್‌ಡಿ ಮುಗಿಸಿ 1953ರಲ್ಲಿ ವಿಜ್ಞಾನ ಸಂಸ್ಥೆಗೆ ಮರಳಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆಗೆ ಬುನಾದಿ ಹಾಕಿದರು. 1982ರಲ್ಲಿ ನಿವೃತ್ತರಾದರು. ಇಪ್ಪತ್ತು ಮಂದಿ ಅವರ ಕೈಕೆಳಗೆ ಪಿಎಚ್‌ಡಿ ಪಡೆದರು. ಆ ಎಂಟು ತಿಂಗಳನ್ನು ‘ವ್ಯರ್ಥ’ ಎಂದುಕೊಂಡು ಬಿಟ್ಟಿದ್ದರೆ ಡಾಕ್ಟರೇಟ್ ಸ್ವಲ್ಪ ಬೇಗ ಸಿಗುತ್ತಿತ್ತೇನೋ, ಅಷ್ಟೇ.

3. ಸಾಫ್ಟ್‌ವೇರಿನ ಚಿತ್ರಕ್ಕೆ ಮರುಳಾಗಬೇಡಿ. ಎಫ್‌ಆರ್4 ಹಾಳೆಯ ಮೇಲೆ 2.45 ಗಿಗಾಹರ್ಟ್ಸ್‌ಗೆ ಸುಮಾರು 37 ಮಿ.ಮೀ. ಅಗಲ, 29 ಮಿ.ಮೀ. ಉದ್ದದ ಪ್ಯಾಚ್ ಆಂಟೆನಾ ಬರೆದರೆ ಸಿಮ್ಯುಲೇಷನ್‌ನಲ್ಲಿ ಅಂದವಾದ ಗ್ರಾಫ್ ಬರುತ್ತದೆ. ಅದನ್ನೇ ತಾಮ್ರದಲ್ಲಿ ಕೊರೆದು, ಕನೆಕ್ಟರ್ ಬೆಸೆದು, ನೆಟ್‌ವರ್ಕ್ ಅನಲೈಸರಿಗೆ ಜೋಡಿಸಿ ನೋಡಿ: ಗ್ರಾಫಿನ ತಗ್ಗು ಆಚೀಚೆ ಸರಿದಿರುತ್ತದೆ. ಎಫ್‌ಆರ್4 ಹಾಳೆಯ ಗುಣ ಒಂದರಿಂದೊಂದಕ್ಕೆ ಬದಲಾಗುವುದೇ ಇದಕ್ಕೆ ಮುಖ್ಯ ಕಾರಣ; ಪ್ಯಾಚಿನ ಬ್ಯಾಂಡ್‌ವಿಡ್ತ್ ಕಿರಿದಾದ್ದರಿಂದ ಸ್ವಲ್ಪ ಸರಿದರೂ ಕೆಲಸ ಕೆಟ್ಟಂತೆ. ಏಕೆ ಸರಿಯಿತು ಎಂದು ಬಿಡಿಸಿ ಬರೆಯುವ ಎರಡು ಪ್ಯಾರಾದಲ್ಲೇ ನಿಮ್ಮ ಲೇಖನದ ಜೀವವಿದೆ. ಅಳೆಯುವ ಮುಂಚೆ ಕೇಬಲ್ಲಿನ ತುದಿಯಲ್ಲಿ ಓಪನ್, ಶಾರ್ಟ್, ಲೋಡ್ ಹಾಕಿ ಕ್ಯಾಲಿಬ್ರೇಷನ್ ಮಾಡುವುದನ್ನು ಮರೆಯಬೇಡಿ. ದೊಡ್ಡ ಯಂತ್ರ ಸಿಗದಿದ್ದರೆ ಕೆಲವು ಸಾವಿರ ರೂಪಾಯಿಯ ಪುಟ್ಟ ಅನಲೈಸರ್ ನ್ಯಾನೋವಿಎನ್‌ಎ ಕೊಳ್ಳಿ. ಓಪನ್‌ಇಎಂಎಸ್‌ನಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

4. ವಿಷಯವನ್ನು ನಿಮ್ಮ ಹೊಲದಲ್ಲೇ ಹುಡುಕಿ. ‘ಇ’ ಆಕಾರದ, ‘ಯು’ ಆಕಾರದ ಆಂಟೆನಾಗಳ ಬಗ್ಗೆ ಬಂದ ಲೇಖನಗಳು ಸಾಕು, ಜಗತ್ತಿಗೆ ಇನ್ನೊಂದು ಬೇಡ. ಒಣಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 3–4ರ ಆಸುಪಾಸು, ನೀರಿನದು ಸುಮಾರು 80. ಮೈಕ್ರೋವೇವಿನಿಂದ ಮಣ್ಣಿನ ತೇವ ತಿಳಿಯಲು ಆಗುವುದು ಈ ಅಂತರದಿಂದಲೇ. ಹುನಗುಂದದ ಎರೆಮಣ್ಣಿನಲ್ಲಿ ಜೇಡಿ ಹೆಚ್ಚು. ಜೇಡಿಯ ಕಣಗಳಿಗೆ ಅಂಟಿಕೊಂಡ ನೀರಿನ ನಡತೆಯೇ ಬೇರೆ. ಬೇರೆ ಮಣ್ಣಿಗೆ ಮಾಡಿದ ಸೂತ್ರ ಇಲ್ಲಿ ಒಪ್ಪುತ್ತದೆಯೇ ಎಂದು ಪರೀಕ್ಷಿಸಿದರೆ ಅದೇ ಒಂದು ಒಳ್ಳೆಯ ಅಧ್ಯಾಯ. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದ ಎಲ್ ಮತ್ತು ಎಸ್ ಬ್ಯಾಂಡ್ ರಾಡಾರುಗಳೂ ಮಣ್ಣಿನ ತೇವವನ್ನು ಗಮನಿಸುತ್ತವೆ. ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿಯ ಮಣ್ಣಿನ ತಜ್ಞರೊಬ್ಬರ ಜೊತೆ ಕೂತು ಚಹಾ ಕುಡಿಯುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ವಿಷಯ ಮಣ್ಣಿನಲ್ಲಷ್ಟೇ ಇಲ್ಲ: ಬಟ್ಟೆಯ ಮೇಲಿನ ಆಂಟೆನಾ ಇಂದು ಬೆಳೆಯುತ್ತಿರುವ ಕ್ಷೇತ್ರ. ವಾಹಕ ದಾರವನ್ನು ಹತ್ತಿಯ ಜೊತೆ ಹೇಗೆ ಹೆಣೆಯಬಹುದೆಂದು ಇಳಕಲ್ಲಿನ ನೇಕಾರರನ್ನು ಕೇಳಿ. ಐಹೊಳೆ, ಪಟ್ಟದಕಲ್ಲುಗಳ ನೆಲದೊಳಗೆ ರಾಡಾರ್ ಇಳಿಸುವ ಆಸೆಯಿದ್ದರೆ ಪುರಾತತ್ವ ಇಲಾಖೆಯ ಒಪ್ಪಿಗೆ ಮೊದಲು.

5. ಗೈಡ್ ಆರಿಸುವಾಗ ಲ್ಯಾಬ್ ನೋಡಿ. ಹೆಸರು, ಜಾತಿ, ಊರು ಆಮೇಲೆ. ಉಪಕರಣ ಕೆಲಸ ಮಾಡುತ್ತಿದೆಯೇ, ಕೈಗೆ ಸಿಗುತ್ತದೆಯೇ ಎಂದು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ. ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗದಿಂದ ಮೈಕ್ರೋಸ್ಟ್ರಿಪ್ ಆಂಟೆನಾ ಕುರಿತು ಸಾಕಷ್ಟು ಲೇಖನಗಳು ಬಂದಿವೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ಧಾರವಾಡಕ್ಕೆ 2016ರಲ್ಲಿ ಐಐಟಿ ಬಂದಿದೆ.

6. ಪರೀಕ್ಷೆಯ ಕೆಲಸ ಬೇಗ ಮುಗಿಸಿ. ಗೇಟ್ ಅಂಕಕ್ಕೆ ಮೂರು ವರ್ಷ ಬೆಲೆಯಿರುತ್ತದೆ. ಎಂ.ಎಸ್‌ಸಿ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ನೆಟ್ ಇದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್‌ಡಿ ಇಲ್ಲದೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಯ ಕನಸು ಬೇಡ.

7. ದುಡ್ಡು ಕೊಟ್ಟು ವಾರದಲ್ಲಿ ಲೇಖನ ಅಚ್ಚು ಹಾಕಿಸುವವರಿಂದ ದೂರವಿರಿ. ಸಂದರ್ಶನದಲ್ಲಿ ಕೂತವರು ಪಟ್ಟಿಯನ್ನು ನೋಡಿದ ಕೂಡಲೇ ಇಂಥ ನಿಯತಕಾಲಿಕಗಳ ಹೆಸರನ್ನು ಗುರುತಿಸುತ್ತಾರೆ. ಆ ಹಣದಲ್ಲಿ ಐಇಇಇ ವಿದ್ಯಾರ್ಥಿ ಸದಸ್ಯತ್ವ ಪಡೆಯಿರಿ. 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮ್ಯಾಪ್‌ಕಾನ್‌ನಂಥ ಮೈಕ್ರೋವೇವ್ ಸಮ್ಮೇಳನಕ್ಕೆ ಒಮ್ಮೆಯಾದರೂ ಹೋಗಿ, ಪೋಸ್ಟರ್ ಮುಂದೆ ನಿಂತು ಪ್ರಶ್ನೆ ಎದುರಿಸಿ.

ಇನ್ನು ಒಂದು ಮಾತು ಕಾಲೇಜುಗಳ ಆಡಳಿತ ಮಂಡಳಿಗಳಿಗೆ. ಲಕ್ಷಗಟ್ಟಲೆ ಸುರಿದು ತಂದ ಅನಲೈಸರನ್ನು ಕಾಲೇಜಿನ ಮಾನ್ಯತೆ ಪರಿಶೀಲನೆಗೆ ತಂಡ ಬಂದ ದಿನ ಮಾತ್ರ ಹೊರತೆಗೆಯುವ ರೂಢಿ ಬಿಡಿ. ಹುಡುಗರು ಮುಟ್ಟಿದರೆ ಒಂದೆರಡು ಕನೆಕ್ಟರ್ ಹಾಳಾಗಬಹುದು, ಆಗಲಿ. ಬೀರುವಿನ ಕೀಲಿಕೈ ಅವರ ಕೈಗೆ ಕೊಡಿ.