ಅವ್ವನ್ನ ಕೇಳದೆ ಮೈಕ್ ಹಿಡಿದೆ

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿರುವುದು ಸೋದರಮಾವನ ಹೆಸರು. ಒಂದನೇ ತರಗತಿಗೆ ಸೇರಿಸುವ ದಿನ ಮೇಷ್ಟ್ರು ಕೇಳಿದಾಗ ಅವ್ವ ತಲೆ ಬಗ್ಗಿಸಿದಳಂತೆ. ಪಕ್ಕದಲ್ಲಿದ್ದ ಮಾವ ‘ನಂದ ಬರಕಳ್ರಿ ಸಾರ್’ ಅಂದನಂತೆ. ಕೂಡ್ಲಿಗಿ ಸೀಮೆಯಲ್ಲಿ ದೇವದಾಸಿ ತಾಯಂದಿರ ಮಕ್ಕಳಿಗೆ ಇದೇನು ಹೊಸದಲ್ಲ.

ಡಿಗ್ರಿ ಓದುವಾಗ ಅಂಥ ಏಳೆಂಟು ಜನ ಸೇರಿ ಊರೂರು ತಿರುಗಿದೆವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಟಂಟಂ. ಅರ್ಜಿಗಳಲ್ಲಿ ಅಪ್ಪನ ಹೆಸರು ಕಡ್ಡಾಯ ಮಾಡಬೇಡಿ, 2007-08ರ ದೇವದಾಸಿಯರ ಸಮೀಕ್ಷೆಯಲ್ಲಿ ಬಿಟ್ಟುಹೋದ ತಾಯಂದಿರನ್ನೂ ಎಣಿಸಿ: ಸರ್ಕಾರವನ್ನು ಕೇಳಿದ್ದು ಇಷ್ಟೇ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾಸಾಶನವಿರಲಿಲ್ಲ. ಮುತ್ತು ಕಟ್ಟಿ ದೇವದಾಸಿ ಮಾಡುವುದು ಅಪರಾಧವೆಂದು 1982ರ ಕಾಯ್ದೆಯೇ ಹೇಳಿತ್ತು. ಅದಾದ ಮೇಲೂ ಕದ್ದುಮುಚ್ಚಿ ಕಟ್ಟಿಸಿಕೊಂಡವರಿಗೆ, ಹೆಸರು ಬರೆಸಿದರೆ ಹೆತ್ತವರು ಜೈಲಿಗೆ ಹೋದಾರೆಂಬ ಭಯ.

ಧರಣಿಯೊಂದರಲ್ಲಿ ಮೈಕ್ ನನ್ನ ಕೈಗೆ ಬಂತು. ಅವ್ವನ ಕಥೆಯನ್ನೆಲ್ಲ ಹೇಳಿಬಿಟ್ಟೆ, ಮುತ್ತು ಕಟ್ಟಿಸಲು ಉಚ್ಚಂಗಿದುರ್ಗಕ್ಕೆ ಕರೆದೊಯ್ದ ಹುಣ್ಣಿಮೆಯಿಂದ ಹಿಡಿದು. ಚಪ್ಪಾಳೆ ಜೋರಾಗೇ ಬಿತ್ತು. ನಾನು ಮನೆ ಮುಟ್ಟುವ ಮೊದಲೇ ವಿಡಿಯೊ ಊರು ಮುಟ್ಟಿತ್ತು. ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅವ್ವನ ಎದುರಿಗೇ ಯಾರೋ ಮೊಬೈಲ್ ಹಿಡಿದಿದ್ದರು.

‘ನಂದು ನೀ ಯಾಕ ಹೇಳಿದಿ? ಹೇಳಂಗಿದ್ರ ನಾನ ಹೇಳ್ತಿದ್ದಿಲ್ಲೇನು?’

ಅವ್ವ ನಾಲ್ಕು ದಿನ ಕೂಲಿಗೆ ಹೋಗಲಿಲ್ಲ. ಊಟಕ್ಕೆ ಮಾತ್ರ ಕರೆಯುತ್ತಿದ್ದಳು. ಹಕ್ಕು, ಘನತೆ ಎಂದು ಅಷ್ಟು ಮಾತಾಡಿದವಳಿಗೆ, ಹೇಳದೆ ಇರುವುದೂ ಅವ್ವನ ಹಕ್ಕೆಂದು ಹೊಳೆದಿರಲಿಲ್ಲ.

ಆಮೇಲೆ ತಾಯಂದಿರು ತಾವಾಗಿ ಒಪ್ಪುವವರೆಗೆ ಕಾದೆ, ಕೆಲಸ ನಿಧಾನವಾಯಿತು. ಹೋರಾಟದ ಮುಖಂಡರಿಗೆ ಅದು ಹಿಡಿಸಲಿಲ್ಲ, ಮನವಿಗೆ ಎಷ್ಟು ಸಹಿ ಆಯಿತು ಎಂದೇ ಕೇಳುತ್ತಿದ್ದರು. ಹಡಗಲಿ ಕಡೆಯ ಹಳ್ಳಿಯೊಂದರಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯೊಬ್ಬಳು ಎರಡು ಸಲ ಚಹಾ ಕುಡಿಸಿ ಕಳಿಸಿದಳು. ಮೂರನೇ ಸಲ ಹೋದಾಗ, ದಾರವನ್ನು ಕಾಲ್ಬೆರಳಿಗೆ ಸುತ್ತಿಕೊಂಡೇ ಎಡಗೈ ಚಾಚಿ ‘ಎಲ್ಲಿ, ಒತ್ತಿಸ್ಕ’ ಅಂದಳು. ಹೆಬ್ಬೆಟ್ಟಿನ ಶಾಯಿ ಮಲ್ಲಿಗೆಗೂ ಹತ್ತಿತು.

2025ರಲ್ಲಿ ವಿಧಾನಮಂಡಲ ಹೊಸ ದೇವದಾಸಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಅಪ್ಪನ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಬೇಕಿದ್ದ ಮಕ್ಕಳು ಅಪ್ಪ ಯಾರೆಂದು ಗುರುತಿಸಿಕೊಡಿ ಎಂದು ಅರ್ಜಿ ಹಾಕಬಹುದು. ಶೇಂಗಾ ಹಸನು ಮಾಡುತ್ತಿದ್ದ ಅವ್ವನಿಗೆ ಪೇಪರ್ ಓದಿ ಹೇಳಿದೆ.

‘ಬೇಕೇನ ನಿನಗ?’ ಅಂದಳು.

‘ನೀ ಏನಂತಿ?’

ಮೊರ ಕೇರುತ್ತಲೇ ಇದ್ದಳು. ನಾನೂ ಮತ್ತೆ ಕೇಳಲಿಲ್ಲ.