ಸಲಿಂಗ ವಿವಾಹದ ಆಕ್ಷೇಪಗಳೂ ಶರಣಮಾರ್ಗದ ಸಮಾಧಾನವೂ

‘ಲಿಂಗ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪುಲ್ಲಿಂಗ, ಸ್ತ್ರೀಲಿಂಗ ಎಂಬಲ್ಲಿ ಅದು ಕೇವಲ ಕುರುಹು. ಸಿದ್ಧಾಂತದಲ್ಲಿಯಾದರೋ ಸಕಲವೂ ಯಾವುದರಿಂದ ಹುಟ್ಟಿ ಯಾವುದರಲ್ಲಿ ಲಯವಾಗುವುದೋ ಆ ಪರವಸ್ತುವೇ ಲಿಂಗ. ಇಂದು ಪತ್ರಿಕೆಗಳಲ್ಲಿ ಕಾಣುವ ‘ಸಲಿಂಗ ವಿವಾಹ’ವೆಂಬ ಮಾತು ಮೊದಲನೆಯ ಅರ್ಥದ್ದು: ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಬಾಳಸಂಗಾತಿಯಾಗಿ ವರಿಸುವುದು. ಧರ್ಮದ ಹೆಸರಿನಲ್ಲಿ ಇದಕ್ಕೆ ಎತ್ತುವ ಆಕ್ಷೇಪಗಳನ್ನು ಎರಡನೆಯ ಅರ್ಥದ ಬೆಳಕಿನಲ್ಲಿ ವಿಚಾರಿಸುವುದೇ ಈ ಪಾಠದ ಉದ್ದೇಶ.

ಬೇಗೂರಿನಂತಹ ಊರಿನ ಗೃಹಸ್ಥರಿಗೆ ಇದು ದೂರದ ವಿಷಯವಲ್ಲ. ನಾಗೇಶ್ವರ ದೇವಾಲಯದ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರಿನ ಕಾಳಗವನ್ನು ಹೇಳುವ ಈ ಪುರಾತನ ಗ್ರಾಮವು ಇಂದು ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳ ನೆರೆಯಲ್ಲಿದೆ. ನಾನಾ ಕಡೆಯ ತರುಣರು ಇಲ್ಲಿ ಬಾಳುತ್ತಿದ್ದಾರೆ. ತಂದೆತಾಯಿಗಳು ಕನ್ಯೆಯನ್ನೋ ವರನನ್ನೋ ಅರಸತೊಡಗಿದಾಗ ಮಗನೋ ಮಗಳೋ ಇಂತಹ ಮನೋಧರ್ಮವನ್ನು ತಿಳಿಸುವ ಪ್ರಸಂಗವು ಯಾವ ಮನೆಗಾದರೂ ಬರಬಹುದು. ಆಗ ಆಡುವ ಮಾತು ಒಂದು ಜೀವವನ್ನು ಉಳಿಸಬಲ್ಲದು, ಮುರಿಯಲೂ ಬಲ್ಲದು.

ಮೊದಲು ರಾಜಶಾಸನದ ಸ್ಥಿತಿಯನ್ನು ಅರಿಯಬೇಕು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು, ವಯಸ್ಕರಿಬ್ಬರು ಒಪ್ಪಿ ನಡೆಸುವ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಆದರೆ 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠವು ವಿವಾಹವು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂದು ಹೇಳಿ, ಇಂತಹ ವಿವಾಹಕ್ಕೆ ಮಾನ್ಯತೆಯನ್ನು ಕೊಡಲಿಲ್ಲ. ಅದು ಶಾಸನಸಭೆಗೆ ಸೇರಿದ ವಿಷಯವೆಂದಿತು. ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕೃತವಾದವು. ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿರುವ 1955ರ ಹಿಂದೂ ವಿವಾಹ ಅಧಿನಿಯಮವು ವರ ಮತ್ತು ವಧು ಎಂಬ ಭಾಷೆಯಲ್ಲಿದೆ. ಆದುದರಿಂದ ಇಲ್ಲಿನ ವಿಚಾರವು ಧರ್ಮದೃಷ್ಟಿಗೆ ಸಂಬಂಧಿಸಿದುದು.

ಪ್ರಥಮ ಆಕ್ಷೇಪ: ಇದು ಸೃಷ್ಟಿನಿಯಮಕ್ಕೆ ವಿರುದ್ಧ, ಗಂಡುಹೆಣ್ಣೆಂಬ ಭೇದವನ್ನು ಶಿವನೇ ಮಾಡಿದ್ದಾನೆ.

ಸಮಾಧಾನ: ದೇಹಭೇದವನ್ನು ಶರಣರು ಅಲ್ಲಗಳೆಯಲಿಲ್ಲ, ಅದು ಆತ್ಮವನ್ನು ಮುಟ್ಟುವುದೆಂಬುದನ್ನು ಅಲ್ಲಗಳೆದರು. ಗಂಡು ಹೆಣ್ಣೆಂಬ ಹೆಸರುಗಳು ಹೊರಗಣ ಚಿಹ್ನೆಗಳಿಗೆ ಸಲ್ಲುವುವೇ ಹೊರತು ಒಳಗಿನ ಆತ್ಮಕ್ಕಲ್ಲವೆಂದು ಜೇಡರ ದಾಸಿಮಯ್ಯನು ಬೋಧಿಸಿದನು. ಶರಣಸತಿ ಲಿಂಗಪತಿ ಭಾವದಲ್ಲಿ ಪುರುಷಶರೀರದ ಶರಣನೂ ಸತಿಯೇ. ಗುರುವು ಇಷ್ಟಲಿಂಗವನ್ನು ಅನುಗ್ರಹಿಸುವಾಗ ಸ್ತ್ರೀಗೆ ಒಂದು, ಪುರುಷನಿಗೆ ಒಂದು ಎಂದು ಬೇರೆ ಬೇರೆ ಲಿಂಗವನ್ನು ಕೊಡುವುದಿಲ್ಲ. ಇದರಿಂದ ವಚನಕಾರರು ಸಲಿಂಗ ವಿವಾಹವನ್ನು ವಿಧಿಸಿದರೆಂದು ಸಾಧಿಸಲಾಗದು. ಆ ಪ್ರಶ್ನೆಯನ್ನು ಅವರು ಎತ್ತಿಲ್ಲ, ಭಕ್ತಿಯ ಉಪಮಾನವು ಲೋಕದ ವಿವಾಹವೂ ಅಲ್ಲ. ಆದರೆ ಶರೀರದ ಕುರುಹೊಂದನ್ನೇ ಹಿಡಿದು ಒಬ್ಬನನ್ನು ಪಾಪಿಯೆಂದು ತಳ್ಳಲು ಈ ಸಿದ್ಧಾಂತದಲ್ಲಿ ಆಧಾರವಿಲ್ಲವೆಂಬಷ್ಟು ಸಿದ್ಧವಾಗುತ್ತದೆ.

ದ್ವಿತೀಯ ಆಕ್ಷೇಪ: ವಿವಾಹವು ಸಂತಾನಾರ್ಥವಾದುದು, ಸಂತಾನವಿಲ್ಲದ ಕೂಟಕ್ಕೆ ವಿವಾಹವೆಂಬ ಹೆಸರೇಕೆ?

ಸಮಾಧಾನ: ಸಂತಾನವು ಗೃಹಸ್ಥಾಶ್ರಮದ ಒಂದು ಫಲ, ಅದೊಂದೇ ಪ್ರಯೋಜನವಲ್ಲ. ಮಕ್ಕಳಿಲ್ಲದ ದಂಪತಿಗಳ ಮನೆಯಲ್ಲಿ ಜಂಗಮರು ಪ್ರಸಾದವನ್ನು ಸ್ವೀಕರಿಸುವುದಿಲ್ಲವೇ? ದಾಸಿಮಯ್ಯ ದುಗ್ಗಳೆಯರ, ಮಾರಯ್ಯ ಲಕ್ಕಮ್ಮನವರ ದಾಂಪತ್ಯವನ್ನು ಶರಣರು ಕೊಂಡಾಡುವುದು ಅವರ ಕಾಯಕ, ದಾಸೋಹ, ಏಕಭಾವದ ಭಕ್ತಿಗಳಿಗಾಗಿ. ಅಕ್ಕಿಯನ್ನು ಹೆಚ್ಚಾಗಿ ಆಯ್ದು ತಂದ ಪತಿಯನ್ನು ತಿದ್ದಿದ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದುದೇ. ಪರಸ್ಪರ ತಿದ್ದಿ ನಡೆಸುವ ಸಂಗವೇ ದಾಂಪತ್ಯದ ಸಾರವಾದರೆ, ಆ ಸಾರವು ಎಲ್ಲಿದೆಯೆಂಬುದನ್ನು ನಡತೆಯಿಂದಲೇ ಅಳೆಯಬೇಕು.

ತೃತೀಯ ಆಕ್ಷೇಪ: ಇದನ್ನು ಒಪ್ಪಿದರೆ ಸಮಾಜದ ಕಟ್ಟಳೆಯೇ ಕೆಡುವುದು.

ಸಮಾಧಾನ: ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ವಿವಾಹವಾದಾಗ ಕೇಳಿಬಂದುದೂ ಇದೇ ಕೂಗು. ವರ್ಣಸಂಕರವಾಯಿತೆಂದು ಬಿಜ್ಜಳನಿಗೆ ದೂರು ಹೋಗಿ, ತಂದೆಯರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆಯು ಹೇಳುತ್ತದೆ. ಅಂದು ಧರ್ಮನಾಶವೆಂದು ಕರೆದುದನ್ನು ಇಂದು ಭಕ್ತರು ಶರಣಧರ್ಮದ ಹೆಗ್ಗುರುತೆಂದು ಸ್ಮರಿಸುತ್ತಾರೆ. ಆದಕಾರಣ ಹೊಸದೆಲ್ಲವೂ ಸರಿಯೆಂದಲ್ಲ. ಕಟ್ಟಳೆ ಕೆಟ್ಟಿತೆಂಬ ಕೂಗೊಂದೇ ಅಧರ್ಮಕ್ಕೆ ಪ್ರಮಾಣವಾಗಲಾರದು. ಯಾರಿಗೆ, ಯಾವ ಹಾನಿ ಎಂಬುದನ್ನು ತೋರಿಸಬೇಕು.

ಚತುರ್ಥ ಆಕ್ಷೇಪ: ಇದು ಪರದೇಶದಿಂದ ಬಂದ ಚಾಳಿ.

ಸಮಾಧಾನ: 2001ರಲ್ಲಿ ನೆದರ್ಲೆಂಡ್ಸ್ ದೇಶವು ಮೊದಲಾಗಿ ಇದಕ್ಕೆ ಶಾಸನಬದ್ಧ ಮಾನ್ಯತೆ ಕೊಟ್ಟಿತೆಂಬುದು ನಿಜ, 2025ರಲ್ಲಿ ಬೌದ್ಧರ ನಾಡಾದ ಥಾಯ್ಲೆಂಡಿನಲ್ಲಿಯೂ ಅದು ಜಾರಿಗೆ ಬಂದಿತು. ಆದರೆ ಮಾನ್ಯತೆಯು ಹೊರಗಿನದಾದರೂ ಮನೋಧರ್ಮವು ಹೊರಗಿನದಲ್ಲ. ಒಂದು ಜೀವದ ಒಲವು ಯಾವ ಹಡಗಿನಲ್ಲಿಯೂ ಬಂದಿಳಿಯುವುದಿಲ್ಲ. ಅದು ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು.

ಇನ್ನು ಗೃಹಸ್ಥರ ಕರ್ತವ್ಯವನ್ನು ಕುರಿತು. ಮಗನ ಮನಸ್ಸನ್ನು ಅರಿತೂ ‘ಮದುವೆಯಾದರೆ ಸರಿಹೋಗುವನು’ ಎಂದು ಬಲಾತ್ಕಾರದಿಂದ ಧಾರೆಯೆರೆಸುವವರುಂಟು. ಆಗ ಕೆಡುವುದು ಮಗನ ಬಾಳೊಂದೇ ಅಲ್ಲ. ಏನೂ ಅರಿಯದೆ ತೌರನ್ನು ಬಿಟ್ಟು ಬಂದ ಕನ್ಯೆಯ ಬಾಳೂ ಕೆಡುತ್ತದೆ. ಗುರುವಿನ ಸಮ್ಮುಖದಲ್ಲಿ, ಶಿವಗಣಗಳ ಸಾಕ್ಷಿಯಾಗಿ ಹುಸಿಯಾಡಿದಂತಾಗುತ್ತದೆ. ಕುಲದ ಮಾನವನ್ನು ಕಾಯುವ ಭರದಲ್ಲಿ ಸತ್ಯವನ್ನು ಬಲಿಗೊಡುವುದು ಸದಾಚಾರವಾಗಲಾರದು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ನ್ಯಾಯ.

ಮಠದ ಸಂಸ್ಕಾರವಿಧಿಯು ಏನಾಗಬೇಕೆಂಬುದನ್ನು ಗುರುಜಂಗಮರು ವಿಚಾರಿಸಿ ನಿರ್ಣಯಿಸಲಿ. ನಾಡಿನ ಶಾಸನವು ಏನಾಗಬೇಕೆಂಬುದನ್ನು ಶಾಸನಸಭೆ ನಿರ್ಣಯಿಸಲಿ. ತಂದೆತಾಯಿಗಳು ಅದಕ್ಕಾಗಿ ಕಾಯಬೇಕಾದುದಿಲ್ಲ. ನಿಜವನ್ನು ನುಡಿದ ಮಗುವನ್ನು ಬೈಯದೆ ಕೇಳುವುದು, ಮಂತ್ರವಾದಿಗಳ ಬಳಿಗೂ ಸುಳ್ಳು ಚಿಕಿತ್ಸೆಗೂ ಎಳೆಯದಿರುವುದು, ಮನೆಯ ಪೂಜೆ ಪ್ರಸಾದಗಳಿಂದ ದೂರಮಾಡದಿರುವುದು, ಬೇರೊಬ್ಬರ ಮಕ್ಕಳನ್ನು ವಂಚಿಸದಿರುವುದು: ಈ ನಾಲ್ಕನ್ನು ಇಂದೇ ಆಚರಿಸಬಹುದು. ಅಂಗದ ಮೇಲೆ ಲಿಂಗವನ್ನು ಧರಿಸಿದ ಮಗುವನ್ನು ಹೊಸ್ತಿಲಿನಿಂದಾಚೆಗೆ ದೂಡುವ ಮುನ್ನ, ದಯೆಯನ್ನೇ ಧರ್ಮದ ಮೂಲವೆಂದು ಸಾರಿದ ಬಸವಣ್ಣನವರನ್ನು ಪ್ರತಿಯೊಬ್ಬ ಭಕ್ತನೂ ಸ್ಮರಿಸಬೇಕು.