ಚಪ್ಪಲಿ ಕಚ್ಚುತ್ತಿದೆಯೇ?

ಹೊಸ ಚಪ್ಪಲಿ ನಾಲ್ಕು ದಿನ ಕಚ್ಚುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ ಎಂಬ ಮಾತನ್ನು ನೀವು ಅಂಗಡಿಯಲ್ಲಿ ಕೇಳಿರುತ್ತೀರಿ. ಮನೆಯ ಹಿರಿಯರೂ ಅದನ್ನೇ ಹೇಳುತ್ತಾರೆ. ಊರಿನಲ್ಲೇ ಕಾಲಿನ ಅಳತೆ ತೆಗೆದುಕೊಂಡು, ಹದ ಮಾಡಿದ ಚರ್ಮದಲ್ಲಿ ಕಾಲ್ಮರಿ ಹೊಲಿದು ಕೊಡುತ್ತಿದ್ದ ಕಾಲಕ್ಕೆ ಈ ಮಾತು ಒಂದು ಮಟ್ಟಿಗೆ ನಿಜವಾಗಿತ್ತು. ಎಣ್ಣೆ ಕುಡಿದ ಚರ್ಮ ಮೆದುವಾಗಿ, ದಿನ ಕಳೆದಂತೆ ಕಾಲಿನ ಆಕಾರಕ್ಕೆ ಬರುತ್ತಿತ್ತು. ಇಂದು ನಾವು ಕೊಳ್ಳುವ ಪಾದರಕ್ಷೆಗಳಲ್ಲಿ ಹೆಚ್ಚಿನವು ರೆಕ್ಸಿನ್ ಅಥವಾ ಪ್ಲಾಸ್ಟಿಕ್ಕಿನವು. ಅವು ಕಾಲಿಗೆ ಒಗ್ಗುವುದಿಲ್ಲ, ಕಾಲೇ ಅವಕ್ಕೆ ಒಗ್ಗಬೇಕು. ಹಾಗೆ ಒಗ್ಗುವಾಗ ಮೊದಲು ಗುಳ್ಳೆ ಏಳುತ್ತದೆ, ಅನಂತರ ಆಣಿ ಬೆಳೆಯುತ್ತದೆ, ವರ್ಷಗಳ ಮೇಲೆ ಹೆಬ್ಬೆರಳು ಪಕ್ಕದ ಬೆರಳಿನತ್ತ ಓರೆಯಾಗುತ್ತದೆ.

ಸಿಂಧನೂರು ಕಡೆಯ ರೈತರೊಬ್ಬರು ಒಮ್ಮೆ ನನ್ನ ಬಳಿ ಬಂದರು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಮಗಳ ಮದುವೆಗೆಂದು ಹೊಸ ಬೂಟು ಕೊಂಡು ಎರಡು ದಿನ ಅದರಲ್ಲೇ ಓಡಾಡಿದ್ದರು. ಮೂರನೆಯ ದಿನ ಕಾಲುಚೀಲ ಒದ್ದೆಯಾಗಿದ್ದನ್ನು ಕಂಡವರು ಅವರಲ್ಲ, ಅವರ ಹೆಂಡತಿ. ಕಿರುಬೆರಳಿನ ಪಕ್ಕ ಚರ್ಮ ಕಿತ್ತು ಹುಣ್ಣಾಗಿತ್ತು. ಅರಿಸಿನ ಹಚ್ಚಿ ಮೂರು ವಾರ ಕಳೆದ ಮೇಲೆ ಆಸ್ಪತ್ರೆಗೆ ಬಂದಾಗ ಬೆರಳನ್ನು ಉಳಿಸಿಕೊಳ್ಳಲು ಆಗಲಿಲ್ಲ. "ಬ್ಯಾನಿ ಆಗಿದ್ರ ಅವತ್ತೇ ಬಿಚ್ಚಿ ಒಗಿತಿದ್ದೆನ್ರಿ ಡಾಕ್ಟರ" ಎಂದರು ಅವರು. ಅವರ ಮಾತು ಸುಳ್ಳಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂದವಾಗಿ, ನೋವೆಂಬ ಕಾವಲುಗಾರನೇ ಇಲ್ಲವಾಗುತ್ತಾನೆ.

ಆದ್ದರಿಂದ ಪಾದರಕ್ಷೆ ಕೊಳ್ಳುವುದನ್ನು ಬಟ್ಟೆ ಕೊಳ್ಳುವಷ್ಟೇ ಎಚ್ಚರದಿಂದ ಮಾಡಿರಿ. ಬೆಳಿಗ್ಗೆ ಬೇಡ, ಸಂಜೆ ಅಂಗಡಿಗೆ ಹೋಗಿರಿ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ತುಸು ಊದಿಕೊಂಡಿರುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಬೆಳಗಿನ ಕಾಲಿಗೆ ಸರಿಯಾದ ಬೂಟು ಸಂಜೆಯ ಕಾಲನ್ನು ಹಿಂಡುತ್ತದೆ.

ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಓದಿ ಮುಗಿಸಿದ ಈ ಪತ್ರಿಕೆಯನ್ನೇ ನೆಲದ ಮೇಲೆ ಹಾಸಿ, ಅದರ ಮೇಲೆ ಬರಿಗಾಲಲ್ಲಿ ನೆಟ್ಟಗೆ ನಿಂತುಕೊಳ್ಳಿ. ಮನೆಯವರೊಬ್ಬರು ಪೆನ್ಸಿಲನ್ನು ನೇರವಾಗಿ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆಯಲಿ. ಕುಳಿತು ಅಳತೆ ತೆಗೆಯಬಾರದು. ಮೈಭಾರ ಬಿದ್ದಾಗಲೇ ಪಾದ ತನ್ನ ನಿಜವಾದ ಉದ್ದಗಲಕ್ಕೆ ಹರಡಿಕೊಳ್ಳುವುದು. ಕತ್ತರಿಸಿ ನೋಡಿದರೆ ಎರಡು ಪಾದಗಳೂ ಒಂದೇ ಅಳತೆಯಲ್ಲಿಲ್ಲ ಎಂಬುದು ಹಲವರಿಗೆ ಆಗಲೇ ತಿಳಿಯುತ್ತದೆ. ಕೊಳ್ಳುವುದು ದೊಡ್ಡ ಪಾದಕ್ಕೆ. ಅಂಗಡಿಯಲ್ಲಿ ಆ ಕಾಗದವನ್ನು ಬೂಟಿನ ಒಳಗಿನ ಅಟ್ಟೆಯ ಮೇಲೆ ಇಟ್ಟು ನೋಡಿರಿ. ಬದಿಗಳಲ್ಲಿ ಕಾಗದ ಮಡಚಿಕೊಂಡರೆ ಆ ಬೂಟನ್ನು ವಾಪಸು ಕೊಡಿ, ಕಾಲಿಗೆ ಹಾಕಿ ನೋಡುವ ಅಗತ್ಯವೂ ಇಲ್ಲ.

"ನಂದು ಏಳು ನಂಬರ್" ಎಂದು ಹೇಳಿ ಕೊಳ್ಳುವ ರೂಢಿ ನಮ್ಮದು. ಈ ನಂಬರು ಬಂದದ್ದು ಬ್ರಿಟಿಷರಿಂದ. ಒಂದು ನಂಬರಿಗೂ ಮತ್ತೊಂದಕ್ಕೂ ಅಂತರ ಒಂದು ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಹಳೆಯ ಇಂಗ್ಲೆಂಡಿನಲ್ಲಿ ಅದು ಒಂದು ಬಾರ್ಲಿ ಕಾಳಿನ ಉದ್ದ! ಆ ನಂಬರು ಉದ್ದವನ್ನು ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ ಎಂದು ಅದರಿಂದ ಕಂಡುಬಂತು. 'ಭಾ' ಎಂಬ ಹೆಸರಿನ ನಮ್ಮದೇ ಅಳತೆಯ ಕ್ರಮವನ್ನೂ ಅವರು ಸೂಚಿಸಿದ್ದಾರೆ. ಅಗಲ ಸಾಲದೆ ನಾವು ಒಂದು ನಂಬರು ಉದ್ದದ್ದನ್ನು ಕೊಳ್ಳುತ್ತೇವೆ. ಆಗ ಹಿಮ್ಮಡಿ ಸಡಿಲ, ಮುಂಗಾಲು ಬಿಗಿ.

ಇನ್ನು ಹಾಕಿ ನೋಡುವ ಕ್ರಮ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಕೆಲವರಿಗೆ ಎರಡನೆಯದು ಉದ್ದ. ಒಳಗೆ ಬೆರಳುಗಳನ್ನು ಆಡಿಸಲು ಬರಬೇಕು. ಪಾದದ ಅತಿ ಅಗಲದ ಭಾಗ ಬೂಟಿನ ಅತಿ ಅಗಲದ ಭಾಗದಲ್ಲೇ ಕೂರಬೇಕು. ನಡೆಯುವಾಗ ಹಿಮ್ಮಡಿ ಬೂಟಿನಿಂದ ಮೇಲೇಳಬಾರದು. ಉಜ್ಜಾಟ ಇದ್ದಲ್ಲೇ ಗುಳ್ಳೆ ಏಳುವುದು. ಹಿಮದ ಮೇಲೆ ಹಾಕಿ ಆಡುವವರು ತಮ್ಮ ಸ್ಕೇಟ್ ಬೂಟನ್ನು ಕೊಳ್ಳುವಾಗ ಮೊದಲು ನೋಡುವುದು ಇದನ್ನೇ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗವನ್ನು ಮೆಲ್ಲಗೆ ಸೋಕಬೇಕು, ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಸರಿದು ಗಟ್ಟಿಯಾಗಿ ಕೂರಬೇಕು. ಅಷ್ಟು ಬಿಗಿ ನಮಗೆ ಬೇಕಿಲ್ಲ, ಆದರೆ ಹಿಮ್ಮಡಿಯ ನಿಯಮ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ನಡೆಯುವವರಿಗೂ ಅದೇ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಇಳಿದು ನೋಡಿರಿ. ಇಳಿಯುವಾಗ ಬೆರಳು ಮುಂದೆ ತಾಗಿದರೆ ಆ ಬೂಟು ಗಿಡ್ಡ. ಮುದಗಲ್ ಕೋಟೆ ಹತ್ತಿ ಇಳಿದ ಶಾಲಾಮಕ್ಕಳಲ್ಲಿ ಉಗುರು ಕಪ್ಪಾಗುವುದು ಹೀಗೆಯೇ.

ಮಕ್ಕಳ ಮಾತು ಬಂದಾಗ ಪಾಲಕರ ಒಂದು ಉಳಿತಾಯದ ಉಪಾಯವನ್ನು ಹೇಳಲೇಬೇಕು. ಎರಡು ವರ್ಷ ಬರಲಿ ಎಂದು ದೊಡ್ಡ ಬೂಟು ತಂದು ಮುಂದೆ ಬಟ್ಟೆ ತುರುಕುತ್ತಾರೆ. ಮಗು ಕಾಲೆಳೆದು ನಡೆಯುತ್ತದೆ, ಎಡವುತ್ತದೆ. ಬೆಳೆಯುವ ಮಕ್ಕಳ ಬೂಟನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಒತ್ತಿ ನೋಡುವುದೇ ಸರಿಯಾದ ದಾರಿ. ಸರಕಾರಿ ಶಾಲೆಯ ಮಕ್ಕಳಿಗೆ ಬೂಟು, ಕಾಲುಚೀಲ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿದೆ, ಖರೀದಿ ಶಾಲಾ ಸಮಿತಿಯ ಮೂಲಕ. ಸಮಿತಿಯಲ್ಲಿರುವ ಓದುಗರು ತರಗತಿವಾರು ನಂಬರು ಬರೆದು ಕಳಿಸದೆ, ಒಂದೊಂದು ಮಗುವಿನ ಪಾದವನ್ನೂ ಕಾಗದದ ಮೇಲೆ ಅಳೆಸಿರಿ. ಒಂದು ಮಧ್ಯಾಹ್ನದ ಕೆಲಸವಷ್ಟೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬಾಗಿಲಲ್ಲಿ ಸಿಕ್ಕ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೋ ನಲ್ಲಿಗೋ ಓಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಜಾರದಂತೆ ಬೆರಳುಗಳಿಂದ ಬಾರನ್ನು ಬಿಗಿಹಿಡಿದು ನಡೆಯುವುದರಿಂದ ಬೆರಳು ಸೆಟೆದು, ಅಂಗಾಲು ನೋಯುತ್ತದೆ. ಇನ್ನು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ನಾಟಿ ಮಾಡುವವರ ಪಾದ ದಿನವಿಡೀ ನೆನೆದು ಬೆರಳ ಸಂದಿ ಬೆಳ್ಳಗಾಗಿರುತ್ತದೆ. ನೆನೆದ ಚರ್ಮ ಬೇಗ ಕೀಳುತ್ತದೆ. ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡಲು ಬಿಟ್ಟ ಮೇಲೆಯೇ ಚಪ್ಪಲಿ ಮೆಟ್ಟಿರಿ. ಹಟ್ಟಿ ಗಣಿಯಲ್ಲಿ ದಿನವಿಡೀ ಬೂಟು ಹಾಕುವವರಿಗೂ ಇದೇ ಮಾತು. ಒಂದು ಜೊತೆ ಒಣ ಕಾಲುಚೀಲ ಹೆಚ್ಚಿಗೆ ಇರಲಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರು ಹೊಸ ಚಪ್ಪಲಿಯಲ್ಲಿ ಹೊರಡಬೇಡಿ. ಒಂದು ತಿಂಗಳು ಮೊದಲೇ ಕೊಂಡು ಮೆಟ್ಟಿ ಪಳಗಿಸಿರಿ.

ಈಗ ಸಕ್ಕರೆ ಕಾಯಿಲೆಯವರಿಗೆ. ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ಸವೆಯುವುದು ರೋಗಾಣು ಅವನ್ನು ತಿನ್ನುವುದರಿಂದಲ್ಲ, ನೋವು ತಿಳಿಯದ ಕಾಲಿಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಆ ಪಾಠ ಹೊಂದುತ್ತದೆ. ಕುಷ್ಠರೋಗಿಗಳಿಗೆ ಕೊಡುವ ಎಂಸಿಆರ್ ಚಪ್ಪಲಿಯ ಮೆತ್ತನೆಯ ರಬ್ಬರು ಭಾರವನ್ನು ಇಡೀ ಪಾದಕ್ಕೆ ಹಂಚುತ್ತದೆ, ಕೆಳಗಿನ ಗಟ್ಟಿ ಅಟ್ಟೆ ಮುಳ್ಳನ್ನು ತಡೆಯುತ್ತದೆ. ಪಾದ ಮರಗಟ್ಟಿರುವವರು ಇದನ್ನೇ ಹಿಂದೆ ಪಟ್ಟಿ ಇರುವಂತೆ ಮಾಡಿಸಿಕೊಳ್ಳಬೇಕು. ಬೆರಳ ನಡುವೆ ಬಾರು ಇರುವ ಹವಾಯಿ ಚಪ್ಪಲಿ ಇವರಿಗೆ ಆಗದು. ಕಾಲಿನಿಂದ ಜಾರಿಹೋದರೂ ತಿಳಿಯದೆ ಬರಿಗಾಲಲ್ಲಿ ನಡೆದು ಬಂದವರನ್ನು ನಾನು ನೋಡಿದ್ದೇನೆ.

ಹಾಕುವ ಮೊದಲು ಬೂಟಿನೊಳಗೆ ಕೈಹಾಕಿ ನೋಡಿರಿ. ಜಾಲಿಮುಳ್ಳು, ಹರಳು, ಎದ್ದ ಮೊಳೆ ಕೈಗೆ ತಿಳಿಯುತ್ತದೆ. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ಬಿಚ್ಚಿ ಪಾದ ನೋಡಿರಿ. ಕೆಂಪಾದ ಗುರುತು ಅರ್ಧ ಗಂಟೆಯಾದರೂ ಮಾಯವಾಗದಿದ್ದರೆ ಆ ಪಾದರಕ್ಷೆ ನಿಮ್ಮದಲ್ಲ, ಬೆಲೆ ಎಷ್ಟೇ ಇರಲಿ. ರಾತ್ರಿ ಮಲಗುವ ಮೊದಲು ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಕಣ್ಣು ಮಂದವಿದ್ದರೆ ಮೊಮ್ಮಕ್ಕಳು ನೋಡಲಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿಪಟ್ಟಿ ಅಂಟಿಸಬೇಡಿ, ಬಿಸಿನೀರಿನಲ್ಲಿ ಕಾಲು ಅದ್ದಬೇಡಿ. ಗುಳ್ಳೆ ಎದ್ದಿದ್ದರೆ ಒಡೆಯದೆ, ಶುಭ್ರವಾದ ಬಟ್ಟೆ ಕಟ್ಟಿ, ಆ ಬೂಟನ್ನು ಬದಿಗಿಡಿ. ಹುಣ್ಣಿನ ಸುತ್ತ ಊತ, ವಾಸನೆ, ಕಪ್ಪು ಬಣ್ಣ ಕಂಡರೆ, ನೋವು ಇರಲಿ ಬಿಡಲಿ, ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿರಿ. ಹೋಗುವಾಗ ಆ ಬೂಟನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ವೈದ್ಯರು ನೋಡಲಿ.